ದೂರವಾಣಿ ಸಂಗ್ರಹಾಲಯದ ಯಂತ್ರಗಳು ಓಡಬೇಕೇ, ಗಾಜಿನೊಳಗೆ ಸುಮ್ಮನಿರಬೇಕೇ?

ಕುತೂಹಲಿ

ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಒಂದು ಪುಟ್ಟ ದೂರವಾಣಿ ಸಂಗ್ರಹಾಲಯಕ್ಕೆ ಹೋಗಿದ್ದೆ. ಹಳೆಯ ಎಕ್ಸ್‌ಚೇಂಜ್ ಕಟ್ಟಡದ ನೆಲಮಹಡಿಯಲ್ಲಿ ಎರಡೇ ಕೋಣೆಗಳು. ಮೊದಲನೆಯದರಲ್ಲಿ ಮರದ ಪೆಟ್ಟಿಗೆಯ ಗೋಡೆ ಫೋನುಗಳು, ಹಿಡಿಕೆ ತಿರುಗಿಸಿ ಗಂಟೆ ಬಾರಿಸುವ ಮ್ಯಾಗ್ನೆಟೊ ಫೋನುಗಳು, ಬೇಕಲೈಟ್ ಎಂಬ ಗಡುಸಾದ ಹಳೆಯ ಪ್ಲಾಸ್ಟಿಕ್ಕಿನ ಕಪ್ಪು ಫೋನುಗಳ ಒಂದು ಸಾಲು. ಎರಡನೆಯದರಲ್ಲಿ ಆಪರೇಟರುಗಳು ಕೂತು ಕೈಯಿಂದ ಕರೆ ಜೋಡಿಸುತ್ತಿದ್ದ ಸ್ವಿಚ್‌ಬೋರ್ಡ್ ಮತ್ತು ಆಪರೇಟರ್ ಇಲ್ಲದೆ ಕರೆಗಳನ್ನು ತಾನಾಗಿ ಜೋಡಿಸುವ, ಆಳೆತ್ತರದ ಒಂದು ಸ್ಟ್ರೋಜರ್ ರ್‍ಯಾಕ್. ಎಲ್ಲವೂ ಗಾಜಿನ ಹಿಂದೆ, ಎಲ್ಲದರ ಮೇಲೂ "ಮುಟ್ಟಬೇಡಿ".

ಮಗಳಿಗೆ ಒಂಬತ್ತು ವರ್ಷ. ಮೊದಲ ಕೋಣೆಯನ್ನು ಐದು ನಿಮಿಷದಲ್ಲಿ ಮುಗಿಸಿಬಿಟ್ಟಳು. ಎರಡನೆಯ ಕೋಣೆಯಲ್ಲಿ ಒಬ್ಬ ಹಿರಿಯರು ಕುಳಿತಿದ್ದರು. ಎಕ್ಸ್‌ಚೇಂಜಿನಲ್ಲೇ ದುಡಿದು ನಿವೃತ್ತರಾದವರು, ಈಗ ವಾರಕ್ಕೊಮ್ಮೆ ಸಂಬಳವಿಲ್ಲದೆ ಬರುತ್ತಾರಂತೆ. ಅವಳ ಮುಖ ನೋಡಿ ಎದ್ದು ಬಂದರು. ರ್‍ಯಾಕಿನ ಮುಚ್ಚಳ ತೆಗೆದರು, ಎರಡು ಫೋನುಗಳಿಗೆ ಸಂಪರ್ಕ ಕೊಟ್ಟರು, "ನಾಲ್ಕು, ಎರಡು ತಿರುಗಿಸು ಮಗು" ಎಂದರು. ಅವಳು ನಾಲ್ಕು ತಿರುಗಿಸಿದಳು. ರ್‍ಯಾಕಿನೊಳಗೆ ಒಂದು ಕಂಬಿ ಟಕ್ ಟಕ್ ಟಕ್ ಟಕ್ ಎಂದು ನಾಲ್ಕು ಮೆಟ್ಟಿಲು ಏರಿತು. ಎರಡು ತಿರುಗಿಸಿದಳು. ಅದೇ ಕಂಬಿ ಎರಡು ಹೆಜ್ಜೆ ಪಕ್ಕಕ್ಕೆ ತಿರುಗಿ ನಿಂತಿತು. ಕೋಣೆಯ ಆಚೆ ತುದಿಯಲ್ಲಿ ಫೋನು ಗಂಟೆ ಹೊಡೆಯಿತು. ಮಗಳು ಉಸಿರು ಬಿಗಿಹಿಡಿದು ನಿಂತುಬಿಟ್ಟಳು. ನಾನೂ ಅಷ್ಟೇ.

ಆಗ ಉಸ್ತುವಾರಿ ನೋಡಿಕೊಳ್ಳುವವರು ಒಳಗೆ ಬಂದು ಎಲ್ಲರೆದುರೇ ಆ ಹಿರಿಯರನ್ನು ಗದರಿಸಿದರು. ಹಿಂದೊಮ್ಮೆ ಹೀಗೆಯೇ ಓಡಿಸಿದಾಗ ಒಂದು ವೈಪರ್, ಅಂದರೆ ಕಂಬಿಗೆ ಜೋಡಿಸಿದ ಸಂಪರ್ಕದ ತೋಳು, ಬಾಗಿಹೋಯಿತಂತೆ, ಬದಲಿ ಭಾಗ ಎಲ್ಲೂ ಸಿಗಲಿಲ್ಲವಂತೆ. ಹಿರಿಯರು ಮಾತಾಡದೆ ಸ್ವಿಚ್ ಆರಿಸಿ ಮುಚ್ಚಳ ಹಾಕಿದರು. ದಾರಿಯುದ್ದಕ್ಕೂ ಮಗಳದು ಒಂದೇ ಪ್ರಶ್ನೆ: "ತಾತನಿಗೆ ಏಕೆ ಬೈದರು?"

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮ ಅಭಿಪ್ರಾಯ ಬೇಕು. ಇಂಥ ಯಂತ್ರಗಳನ್ನು ಓಡಿಸಬೇಕೇ, ಕಾಪಾಡಬೇಕೇ?

ನಿವೃತ್ತ ಮೆಕ್ಯಾನಿಕ್

ಓಡಿಸಬೇಕು. ಇದರಲ್ಲಿ ಎರಡು ಮಾತೇ ಇಲ್ಲ.

ನಾನು ಸ್ಟ್ರೋಜರ್ ಎಕ್ಸ್‌ಚೇಂಜಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಆ ಯಂತ್ರ ಕೆಡುವುದು ಓಡಿದ್ದರಿಂದಲ್ಲ, ನಿಂತದ್ದರಿಂದ. ರಿಲೇಗಳ, ಅಂದರೆ ವಿದ್ಯುತ್ತಿನಿಂದ ಏಳುವ ಸ್ವಿಚ್ಚುಗಳ, ತುದಿಗಳ ಮೇಲೆ ಕಿಲುಬಿನ ತೆಳುಪದರ ಕೂರುತ್ತದೆ, ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ, ಬ್ಯಾಂಕಿನ ಮೇಲೆ, ಅಂದರೆ ವೈಪರ್ ತಗುಲುವ ಸಂಪರ್ಕಗಳ ಸಾಲುಗಳ ಮೇಲೆ, ಧೂಳು ನೆಲೆಸುತ್ತದೆ. ವೈಪರ್ ದಿನಕ್ಕೆ ನಾಲ್ಕು ಬಾರಿ ಓಡಾಡಿದರೆ ತನ್ನ ದಾರಿಯನ್ನು ತಾನೇ ಒರೆಸಿಕೊಳ್ಳುತ್ತದೆ. ಐದು ವರ್ಷ ಗಾಜಿನೊಳಗಿಟ್ಟು ಆರನೆಯ ವರ್ಷ ವಿದ್ಯುತ್ ಕೊಟ್ಟು ನೋಡಿ, ಅರ್ಧ ರಿಲೇಗಳು ಏಳುವುದೇ ಇಲ್ಲ.

ವೈಪರ್ ಬಾಗಿತು ಎಂದಿರಿ. ಬಾಗಿದ ವೈಪರನ್ನು ನೇರ ಮಾಡುವುದು ನಮ್ಮ ನಿತ್ಯದ ಕೆಲಸವಾಗಿತ್ತು. ಅದಕ್ಕೆಂದೇ ಕೊಕ್ಕೆಯಂಥ ಒಂದು ಸಲಕರಣೆ ಇರುತ್ತಿತ್ತು. ಆ ಹಿರಿಯರ ಕೈಗೆ ಅದನ್ನು ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಸರಿಮಾಡುತ್ತಿದ್ದರು. ಕೇಳಿದರೇ ಯಾರಾದರೂ?

ಗಾಜಿನ ಪೆಟ್ಟಿಗೆ

ನಾನು ವಸ್ತುಸಂಗ್ರಹಾಲಯವೊಂದರಲ್ಲಿ ಸಂರಕ್ಷಣೆಯ ಕೆಲಸ ಮಾಡುವವಳು. ಮೆಕ್ಯಾನಿಕ್ ಸರ್ ಅವರ ಅನುಭವದ ಮೇಲೆ ಪೂರ್ತಿ ಗೌರವವಿದೆ, ಆದರೂ ಒಪ್ಪಲಾರೆ.

ಎಕ್ಸ್‌ಚೇಂಜಿನಲ್ಲಿ ನಿಮ್ಮ ಹಿಂದೆ ಒಂದು ಉಗ್ರಾಣವಿತ್ತು, ಉಗ್ರಾಣದ ಹಿಂದೆ ಕಾರ್ಖಾನೆಯಿತ್ತು. ವೈಪರ್ ಮೂರು ಬಾರಿ ನೇರವಾಗುತ್ತದೆ, ನಾಲ್ಕನೆಯ ಬಾರಿ ಮುರಿಯುತ್ತದೆ. ಆಗ ನೀವು ಉಗ್ರಾಣಕ್ಕೆ ಚೀಟಿ ಬರೆದು ಹೊಸದು ತರಿಸುತ್ತಿದ್ದಿರಿ. ನಮಗೆ ಆ ಚೀಟಿಯನ್ನು ಯಾರಿಗೆ ಬರೆಯಬೇಕೆಂದೇ ತಿಳಿಯದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ನಮ್ಮ ಕುಡಿಕೆಯಲ್ಲಿರುವುದು ಒಂದೇ ಒಂದು ರ್‍ಯಾಕ್.

ಕಬ್ಬಿಣದ ಮಾತು ಹಾಗಿರಲಿ. ಹಳೆಯ ಫೋನಿನ ಬಟ್ಟೆ ಹೊದಿಸಿದ ವಯರು ತೇವ ಹೀರುತ್ತದೆ, ಒಳಗಿನ ರಬ್ಬರು ಒಣಗಿ ಪುಡಿಯಾಗಿರುತ್ತದೆ. ಒಮ್ಮೆ ಮಡಚಿದರೆ ಸಾಕು, ಉದುರುತ್ತದೆ. ಬೇಕಲೈಟ್ ಬಿಸಿಲಿಗೆ ಹೊಳಪು ಕಳೆದುಕೊಳ್ಳುತ್ತದೆ, ಕೈ ಜಾರಿ ಬಿದ್ದರೆ ಹೆಂಚಿನ ಹಾಗೆ ಒಡೆಯುತ್ತದೆ. ಇಂದಿನ ಒಂದು ಮಗುವಿನ ಸಂತೋಷಕ್ಕೆ ನೂರು ವರ್ಷ ಆಚೆಗಿನ ಮಗುವಿನ ಪಾಲನ್ನು ತೆಗೆದುಕೊಡಬಹುದೇ? ಈ ಪ್ರಶ್ನೆಯನ್ನು ನಾನು ಪ್ರತಿದಿನ ಕೇಳಿಕೊಳ್ಳುತ್ತೇನೆ.

ಗದರಿಸಿದ ರೀತಿ ಮಾತ್ರ ತಪ್ಪು. ಅದನ್ನು ಸಮರ್ಥಿಸುವುದಿಲ್ಲ.

ತಾಮ್ರದ ತಂತಿ

ಓಡದ ಎಕ್ಸ್‌ಚೇಂಜ್ ಒಂದು ಕಬ್ಬಿಣದ ಬೀರು. ಬೀರು ನೋಡಲು ಯಾರು ಬರುತ್ತಾರೆ?

ಗಾಜಿನ ಪೆಟ್ಟಿಗೆ

ಓಡಿ ಓಡಿ ಮುರಿದ ಎಕ್ಸ್‌ಚೇಂಜೂ ಬೀರುವೇ, ತಾಮ್ರದ ತಂತಿಯವರೇ. ಅದು ಮತ್ತೆಂದೂ ಏಳದ ಬೀರು.

ಹತ್ತನೆಯ ತರಗತಿ

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ಡಯಲ್ ಫೋನಿನಲ್ಲಿ ಸೊನ್ನೆ ಏಕೆ ಒಂಬತ್ತರ ಆಚೆಗಿದೆ? ಒಂದಕ್ಕಿಂತ ಮೊದಲು ಬರಬೇಕಿತ್ತಲ್ಲವೇ?

ನಿವೃತ್ತ ಮೆಕ್ಯಾನಿಕ್

ಒಳ್ಳೆಯ ಪ್ರಶ್ನೆ ಮಗು. ಡಯಲ್ ಅಂಕಿಯನ್ನು ಕಳಿಸುವುದಿಲ್ಲ, ಎಣಿಕೆಯನ್ನು ಕಳಿಸುತ್ತದೆ. ನೀನು ಐದರ ತೂತಿನಲ್ಲಿ ಬೆರಳಿಟ್ಟು ತಿರುಗಿಸಿ ಬಿಟ್ಟರೆ, ಡಯಲ್ ವಾಪಸು ಬರುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಐದು ಬಾರಿ ಕತ್ತರಿಸುತ್ತದೆ. ಒಂದಕ್ಕೆ ಒಂದು, ಒಂಬತ್ತಕ್ಕೆ ಒಂಬತ್ತು. ಸೊನ್ನೆ ಬಾರಿ ಕತ್ತರಿಸಿದರೆ ಎಕ್ಸ್‌ಚೇಂಜಿಗೆ ಏನೂ ಕೇಳಿಸುವುದಿಲ್ಲ. ಆದ್ದರಿಂದ ಸೊನ್ನೆಗೆ ಹತ್ತು. ಅದಕ್ಕೇ ಅದು ಕೊನೆಯಲ್ಲಿದೆ.

ಹೀಗೆ ಒಮ್ಮೆ ಕತ್ತರಿಸುವುದೇ ಒಂದು ಪಲ್ಸ್. ವೇಗ ಸೆಕೆಂಡಿಗೆ ಸುಮಾರು ಹತ್ತು ಪಲ್ಸ್. ಆ ವೇಗವನ್ನು ಕಾಯುವುದಕ್ಕೆ ಡಯಲಿನ ಒಳಗೊಂದು ಪುಟ್ಟ ಗವರ್ನರ್ ಇದೆ. ವಾಪಸು ಬರುವಾಗ ಕೇಳುವ ಕಿರ್ ಎಂಬ ಸದ್ದು ಅಲ್ಲಿಂದಲೇ ಬರುತ್ತದೆ. ಅವಸರಪಟ್ಟು ಬೆರಳಿನಿಂದ ಡಯಲನ್ನು ಹಿಂದಕ್ಕೆ ತಳ್ಳಬಾರದು. ತಳ್ಳಿದರೆ ಎಣಿಕೆ ತಪ್ಪುತ್ತದೆ, ಕರೆ ಬೇರೆ ಯಾರದೋ ಮನೆಗೆ ಹೋಗುತ್ತದೆ.

ತಾಮ್ರದ ತಂತಿ

ಡಯಲನ್ನೇ ಮುಟ್ಟದೆ ರಿಸೀವರ್ ಇಡುವ ಕೊಕ್ಕೆಯನ್ನು ಅದೇ ಲಯದಲ್ಲಿ ಒತ್ತಿ ಒತ್ತಿ ಬಿಟ್ಟರೂ ಕರೆ ಹೋಗುತ್ತಿತ್ತು. ಎಕ್ಸ್‌ಚೇಂಜಿಗೆ ಎರಡೂ ಒಂದೇ. ಡಯಲಿಗೆ ಬೀಗ ಹಾಕಿದ ಫೋನಿನಲ್ಲಿ ನಾನು ಇದನ್ನು ಮಾಡಿ ನೋಡಿದ್ದೇನೆ. ಒಂಬತ್ತು ಬಂದರೆ ಬೆರಳು ಸೋಲುತ್ತಿತ್ತು.

ಇತಿಹಾಸದ ಓದುಗ

ಮೆಕ್ಯಾನಿಕ್ ಅವರ ಉತ್ತರಕ್ಕೆ ಒಂದು ತಿದ್ದುಪಡಿ. "ಒಂದಕ್ಕೆ ಒಂದು" ಎಲ್ಲ ದೇಶಗಳ ಮಾತಲ್ಲ. ಸ್ವೀಡನ್ನಿನಲ್ಲಿ ಸೊನ್ನೆಗೆ ಒಂದು ಪಲ್ಸ್, ಒಂದಕ್ಕೆ ಎರಡು, ಹೀಗೆ ಏರುತ್ತಿತ್ತು. ನ್ಯೂಜಿಲೆಂಡಿನ ಡಯಲ್ ತಿರುವುಮುರುವು: ಒಂದಕ್ಕೆ ಒಂಬತ್ತು ಪಲ್ಸ್, ಒಂಬತ್ತಕ್ಕೆ ಒಂದು. ಲಂಡನ್ನಿನಲ್ಲಿ 1937ರ ಜೂನ್ 30ರಂದು ತುರ್ತು ಕರೆಗೆ 999 ಬಂತು. ನ್ಯೂಜಿಲೆಂಡಿನ ತುರ್ತು ಸಂಖ್ಯೆ 111. ತಂತಿಯ ಮೇಲೆ ಎರಡೂ ಒಂದೇ, ಒಂಬತ್ತು ಪಲ್ಸುಗಳ ಮೂರು ಗುಂಪು.

ಹತ್ತನೆಯ ತರಗತಿ

ಹಾಗಾದರೆ ಬ್ರಿಟನ್ನಿನಲ್ಲೂ 111 ಎಂದೇ ಇಡಬಹುದಿತ್ತಲ್ಲ? ಬೇಗ ತಿರುಗಿಸಬಹುದಿತ್ತು.

ಇತಿಹಾಸದ ಓದುಗ

ಬೇಗ ಆಗುತ್ತಿತ್ತು, ಆದರೆ ಸುಳ್ಳು ಕರೆಗಳೂ ಬರುತ್ತಿದ್ದವು. ಕಂಬದ ಮೇಲಿನ ತಂತಿಗಳು ಗಾಳಿಗೆ ಒಂದಕ್ಕೊಂದು ತಗುಲಿದರೂ ಎಕ್ಸ್‌ಚೇಂಜಿಗೆ ಅದು "ಒಂದು" ಎಂದೇ ಕೇಳಿಸುತ್ತದೆ. ಒಂಬತ್ತು ಪಲ್ಸುಗಳ ಮೂರು ಗುಂಪನ್ನು ಗಾಳಿ ತಾನಾಗಿ ಹುಟ್ಟಿಸುವುದು ಕಷ್ಟ.

ಗಣಿತದ ಮೇಷ್ಟ್ರು

ಈ ಎಣಿಕೆ ಅಮೆರಿಕದ ಪ್ರದೇಶ ಸಂಖ್ಯೆಗಳಲ್ಲೂ ಕೂತಿದೆ. 1947ರಲ್ಲಿ ಹಂಚಿದಾಗ ನ್ಯೂಯಾರ್ಕಿಗೆ 212, ಷಿಕಾಗೋಗೆ 312, ಲಾಸ್ ಏಂಜಲೀಸ್‌ಗೆ 213 ಸಿಕ್ಕಿತು. ಜನ ಹೆಚ್ಚು, ಕರೆ ಹೆಚ್ಚು, ಆದ್ದರಿಂದ ಡಯಲ್ ಬೇಗ ತಿರುಗುವ ಅಂಕಿಗಳು. ಡಯಲ್ ಹೋದರೂ ಸಂಖ್ಯೆಗಳು ಉಳಿದವು.

ಕುತೂಹಲಿ

ನೋಡಿ, ಇವುಗಳಲ್ಲಿ ಒಂದು ಮಾತೂ ಆ ಸಂಗ್ರಹಾಲಯದ ಫಲಕಗಳಲ್ಲಿ ಇರಲಿಲ್ಲ. "ಡಯಲ್ ಫೋನು, ಕಪ್ಪು, ಬೇಕಲೈಟ್" ಎಂದಷ್ಟೇ ಬರೆದಿತ್ತು. ಮಗಳಿಗೆ ಸೊನ್ನೆಯ ವಿಷಯ ಹೇಳಿದೆ. ಈಗ ಯಾವ ಸಂಖ್ಯೆ ಕಂಡರೂ ಎಷ್ಟು ಪಲ್ಸ್ ಆಗುತ್ತದೆ ಎಂದು ಕೂಡುತ್ತಾ ಕೂರುತ್ತಾಳೆ.

ತಾಮ್ರದ ತಂತಿ

ಸ್ಟ್ರೋಜರನ ಕತೆಯಾದರೂ ಬರೆದಿದ್ದರೇ? ಆತ ಶವಸಂಸ್ಕಾರದ ವೃತ್ತಿಯವನು. ಎದುರಾಳಿಯ ಹೆಂಡತಿಯೇ ಎಕ್ಸ್‌ಚೇಂಜಿನ ಆಪರೇಟರ್. ಸ್ಟ್ರೋಜರನಿಗೆ ಬಂದ ಕರೆಗಳನ್ನೆಲ್ಲ ಆಕೆ ಗಂಡನಿಗೆ ತಿರುಗಿಸುತ್ತಿದ್ದಳು. ಆ ಸಿಟ್ಟಿನಲ್ಲೇ ಆತ ಆಪರೇಟರ್ ಬೇಡದ ಯಂತ್ರ ಕಂಡುಹಿಡಿದ.

ಇತಿಹಾಸದ ಓದುಗ

ವೃತ್ತಿ ನಿಜ, ಸಿಟ್ಟೂ ನಿಜವಿರಬಹುದು. ಹೆಂಡತಿಯ ಭಾಗ ಬಾಯಿಂದ ಬಾಯಿಗೆ ಬಂದ ಕತೆ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ದಾಖಲೆಯಲ್ಲಿ ನಿಲ್ಲುವುದು ಇಷ್ಟು: ಆಲ್ಮನ್ ಸ್ಟ್ರೋಜರ್‌ಗೆ 1891ರ ಮಾರ್ಚ್ 10ರಂದು ಪೇಟೆಂಟ್ ಸಿಕ್ಕಿತು, 1892ರ ನವೆಂಬರ್ 3ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ಆಗ ತಿರುಗಿಸುವ ಡಯಲ್ ಇರಲೇ ಇಲ್ಲ. ಚಂದಾದಾರರು ಗುಂಡಿಗಳನ್ನು ಬೇಕಾದಷ್ಟು ಬಾರಿ ಒತ್ತಬೇಕಿತ್ತು. ಬೆರಳಿಟ್ಟು ತಿರುಗಿಸುವ ಚಕ್ರವನ್ನು ರೂಪಿಸಿದವರು ಅವನ ಜೊತೆಯ ಎಂಜಿನಿಯರುಗಳು, 1896ರ ಹೊತ್ತಿಗೆ.

ಟ್ರಂಕ್ ಆಪರೇಟರ್

ಆ ಹೆಂಡತಿಯ ಕತೆಯನ್ನು ನನ್ನೆದುರು ಹೇಳದವರಿಲ್ಲ. ನಾನು ಇಪ್ಪತ್ತೆರಡು ವರ್ಷ ಬೋರ್ಡಿನ ಮುಂದೆ ಕುಳಿತವಳು. ಆಪರೇಟರ್ ಎಂದರೆ ಕದ್ದು ಕೇಳುವವಳು, ಕರೆ ತಿರುಗಿಸುವವಳು ಎಂದು ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ಮೊದಮೊದಲು ಎಕ್ಸ್‌ಚೇಂಜಿನಲ್ಲಿ ತಂತಿ ಕಚೇರಿಯ ಹುಡುಗರನ್ನು ಕೂರಿಸಿದ್ದರು. ಅವರು ಗಿರಾಕಿಗಳಿಗೇ ಬೈಯುತ್ತಿದ್ದರು, ತಮ್ಮತಮ್ಮಲ್ಲಿ ಹೊಡೆದಾಡುತ್ತಿದ್ದರು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಕೆಲಸಕ್ಕೆ ಸೇರಿದರು. ಜಗತ್ತಿನ ಮೊದಲ ಮಹಿಳಾ ದೂರವಾಣಿ ಆಪರೇಟರ್ ಅವರೇ. ಆಮೇಲೆ ಹುಡುಗರ ಕಾಲ ಮುಗಿಯಿತು.

ಕುತೂಹಲಿಯವರೇ, ನೀವು ನೋಡಿದ ಸ್ವಿಚ್‌ಬೋರ್ಡ್ ಮುಂದೆ ಒಂದು ಕುರ್ಚಿ ಇತ್ತೇ? ಹೆಡ್‌ಸೆಟ್ ಇತ್ತೇ? ಸಾಮಾನ್ಯವಾಗಿ ಇಡುವುದಿಲ್ಲ. ಬೋರ್ಡು ತಾನೇ ಕೆಲಸ ಮಾಡುತ್ತಿತ್ತೇನೋ ಎಂಬಂತೆ ನಿಲ್ಲಿಸಿರುತ್ತಾರೆ. ಅದರ ಅರ್ಧ ಭಾಗ ನಾವು. ದೊಡ್ಡ ಬೋರ್ಡಿನಲ್ಲಿ ಒಬ್ಬನೇ ಚಂದಾದಾರನ ಜ್ಯಾಕ್, ಅಂದರೆ ಪ್ಲಗ್ ಚುಚ್ಚುವ ತೂತು, ಹಲವು ಆಪರೇಟರುಗಳ ಮುಂದೆ ಇರುತ್ತದೆ. ಆ ಸಾಲಿನ ಇನ್ನೊಂದು ತುದಿಯಲ್ಲಿ ಯಾರಾದರೂ ಅವನಿಗೆ ಆಗಲೇ ಸಂಪರ್ಕ ಕೊಟ್ಟಿದ್ದಾರೆಯೇ ಎಂದು ತಿಳಿಯುವುದು ಹೇಗೆ? ಪ್ಲಗ್ಗಿನ ತುದಿಯನ್ನು ಜ್ಯಾಕಿನ ಅಂಚಿಗೆ ಸುಮ್ಮನೆ ತಾಗಿಸುತ್ತಿದ್ದೆವು. ಕಿವಿಯಲ್ಲಿ ಕ್ಲಿಕ್ ಎಂದರೆ ಮಾತು ನಡೆದಿದೆ, ಸದ್ದಿಲ್ಲದಿದ್ದರೆ ಖಾಲಿ. ಕಣ್ಣು ಮುಂದಿನ ದೀಪದ ಮೇಲೆ, ಕೈ ಈ ಜ್ಯಾಕಿನ ಮೇಲೆ, ಬಾಯಲ್ಲಿ ಮೂರನೆಯವರಿಗೆ ಉತ್ತರ. ಇದನ್ನು ಗಾಜಿನಾಚೆ ನಿಂತು ಯಾರು ಊಹಿಸುತ್ತಾರೆ?

ಕುತೂಹಲಿ

ಕುರ್ಚಿ ಇರಲಿಲ್ಲ ಮೇಡಂ. ನೀವು ಕೇಳುವವರೆಗೆ ಅದು ನನ್ನ ಗಮನಕ್ಕೂ ಬಂದಿರಲಿಲ್ಲ.

ಗಾಜಿನ ಪೆಟ್ಟಿಗೆ

ಅಮ್ಮಾ, ಆ ಕ್ಲಿಕ್ ವಿಷಯ ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿರುವ ಬೋರ್ಡಿನ ಜ್ಯಾಕುಗಳ ಅಂಚು ಏಕೆ ಅಷ್ಟು ಸವೆದಿದೆ ಎಂದು ನಾವು ಮೂವರು ಕೂತು ತಲೆ ಕೆಡಿಸಿಕೊಂಡಿದ್ದೆವು. ನಿಮ್ಮ ಈ ಮಾತುಗಳನ್ನು ನಮ್ಮ ಕಡತಕ್ಕೆ ಬರೆದುಕೊಳ್ಳಬಹುದೇ?

ಟ್ರಂಕ್ ಆಪರೇಟರ್

ಧಾರಾಳವಾಗಿ ಬರೆದುಕೊಳ್ಳಿ. ಬೇಕಾದರೆ ಬಂದು ತೋರಿಸಿಯೂ ಕೊಡುತ್ತೇನೆ. ಆದರೆ ಪ್ಲಗ್ ಮುಟ್ಟಲು ಬಿಡುವಿರಾ?

ಶಬ್ದವೇಧಿ

ಆ ಪ್ಲಗ್ಗನ್ನು ನೀವೆಲ್ಲ ನೋಡಿದ್ದೀರಿ, ಗೊತ್ತಿಲ್ಲ ಅಷ್ಟೇ. ಗಿಟಾರಿಗೆ, ದೊಡ್ಡ ಹೆಡ್‌ಫೋನಿಗೆ ಹಾಕುವ ಕಾಲಂಗುಲದ ಪ್ಲಗ್ ಸ್ವಿಚ್‌ಬೋರ್ಡಿನ ಮನೆಯಿಂದ ಬಂದದ್ದು. ರೆಕಾರ್ಡಿಂಗ್ ಕೋಣೆಯಲ್ಲಿ ದಿನಕ್ಕೆ ನೂರು ಸಲ ಚುಚ್ಚುತ್ತೇನೆ.

ಚರ್ಚೆಗೆ ನನ್ನದೊಂದು ಸಲಹೆ. ಯಂತ್ರವನ್ನು ಒಂದು ದಿನ ಓಡಿಸಿ, ಒಳ್ಳೆಯ ಮೈಕು ಇಟ್ಟು ಎಲ್ಲ ಸದ್ದುಗಳನ್ನೂ ಹಿಡಿದಿಡಿ. ಸಂದರ್ಶಕರು ಗುಂಡಿ ಒತ್ತಿದರೆ ಸದ್ದು ಕೇಳಲಿ. ಯಂತ್ರವೂ ಉಳಿಯುತ್ತದೆ, ಮಕ್ಕಳೂ ಕೇಳುತ್ತಾರೆ.

ನಿವೃತ್ತ ಮೆಕ್ಯಾನಿಕ್

ಸದ್ದು ಬೇರೆ, ಕಾರಣ ಬೇರೆ. ಗುಂಡಿ ಒತ್ತಿದರೆ ಟಕ್ ಟಕ್ ಕೇಳುತ್ತದೆ ಸರಿ. ನಾಲ್ಕು ತಿರುಗಿಸಿದ್ದಕ್ಕೆ ನಾಲ್ಕು ಮೆಟ್ಟಿಲು, ಏಳು ತಿರುಗಿಸಿದ್ದಕ್ಕೆ ಏಳು ಎಂದು ಆ ಮಗುವಿಗೆ ತಿಳಿದದ್ದು ಹೇಗೆ? ತನ್ನ ಬೆರಳು ಮಾಡಿದ್ದನ್ನು ಯಂತ್ರ ಮಾಡಿತು ಎಂದು ಕಣ್ಣಾರೆ ಕಂಡಿದ್ದರಿಂದ. ಧ್ವನಿಮುದ್ರಣ ಅದನ್ನು ಹೇಳುವುದಿಲ್ಲ.

ಇನ್ನೊಂದು ವಿಷಯ. ಮಾತು ಮುಗಿಸಿ ರಿಸೀವರ್ ಇಟ್ಟಾಗ ಸೆಲೆಕ್ಟರ್, ಅಂದರೆ ಆ ಏರಿ ತಿರುಗುವ ಕಂಬಿ, ಮೊದಲು ಹಿಂದಕ್ಕೆ ತಿರುಗಿ, ಆಮೇಲೆ ತನ್ನ ತೂಕಕ್ಕೇ ಕೆಳಗೆ ಬೀಳುತ್ತದೆ. ಕರೆ ಮಾಡಿದವರು ರಿಸೀವರ್ ಇಡದೆ ಹೋದರೆ ಆ ಸೆಲೆಕ್ಟರ್ ಅಲ್ಲೇ ಸಿಕ್ಕಿಕೊಂಡು ನಿಂತಿರುತ್ತದೆ, ಬೇರೆ ಯಾರಿಗೂ ಸಿಗುವುದಿಲ್ಲ. ರಾತ್ರಿ ಪಾಳಿಯಲ್ಲಿ ನಾವು ಟಾರ್ಚ್ ಹಿಡಿದು ಸಾಲು ಸಾಲು ನಡೆಯುತ್ತಾ ಹೀಗೆ ನಿಂತವನ್ನು ಹುಡುಕುತ್ತಿದ್ದೆವು. ಆ ಬೀಳುವ ಸದ್ದು ಕೇಳಿದರೆ ಒಂದು ಮಾತುಕತೆ ಮುಗಿಯಿತು ಎಂದು ಅರ್ಥ. ಸಾವಿರ ಸೆಲೆಕ್ಟರುಗಳ ಕೋಣೆಯಲ್ಲಿ ಹಬ್ಬದ ದಿನ ಅದು ಮಳೆಯ ಹಾಗೆ ಕೇಳುತ್ತಿತ್ತು.

ಶಬ್ದವೇಧಿ

ಒಪ್ಪಿದೆ. ನಿಮ್ಮ ಮಳೆಯ ಮಾತು ಓದಿದ ಮೇಲೆ ನನ್ನ ಸಲಹೆ ಸಪ್ಪೆಯಾಗಿ ಕಾಣುತ್ತಿದೆ. ಆದರೂ ಹಿಡಿದಿಡಿ, ಯಂತ್ರ ಹೋದ ಮೇಲೆ ಅದಾದರೂ ಇರಲಿ.

ಸದ್ದಿನ ಬಗ್ಗೆಯೇ ಇನ್ನೊಂದು. ಹಳೆಯ ಫೋನಿನ ಬಾಯಿಯಲ್ಲಿ ಕಾರ್ಬನ್ ಹರಳುಗಳಿರುತ್ತವೆ. ಮಾತಿನ ಒತ್ತಡಕ್ಕೆ ಅವು ಅದುಮಿಕೊಂಡಾಗ ವಿದ್ಯುತ್ ಹೆಚ್ಚು ಹರಿಯುತ್ತದೆ, ಸಡಿಲವಾದಾಗ ಕಡಿಮೆ. ಬಹಳ ದಿನ ಬಿಟ್ಟರೆ ಹರಳುಗಳು ಗಟ್ಟಿಯಾಗಿ ಕೂತು ಧ್ವನಿ ಮಂಕಾಗುತ್ತದೆ. ಅಜ್ಜಂದಿರು ರಿಸೀವರನ್ನು ಅಂಗೈಗೆ ತಟ್ಟಿ ಮಾತಾಡುತ್ತಿದ್ದುದು ಸಿಟ್ಟಿನಿಂದಲ್ಲ, ಅದೇ ಸರಿಯಾದ ರಿಪೇರಿ.

ಮತ್ತೆ, ದೂರವಾಣಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸಿನ ದನಿಯ ಮೂಲ ಸ್ವರ 100 ಹರ್ಟ್ಸ್ ಆಸುಪಾಸು. ಅಂದರೆ ಅದು ತಂತಿಯಲ್ಲಿ ಬರುವುದೇ ಇಲ್ಲ. ಮೇಲಿನ ಸ್ವರಗಳನ್ನು ಕೇಳಿ ಕೆಳಗಿನದನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಅಪ್ಪನ ಗಡಸು ದನಿ ಫೋನಿನಲ್ಲಿ ಕೇಳಿದ ಪ್ರತಿ ಸಲವೂ ಅದರ ಅರ್ಧವನ್ನು ನಾವೇ ಕಟ್ಟಿಕೊಂಡಿದ್ದೇವೆ.

ಹತ್ತನೆಯ ತರಗತಿ

ಬೇಕಲೈಟ್ ಫೋನು ವಿದ್ಯುತ್ ಹೋದಾಗಲೂ ಕೆಲಸ ಮಾಡುತ್ತಿತ್ತು ಎಂದು ಅಜ್ಜಿ ಹೇಳುತ್ತಾರೆ. ನಿಜವೇ?

ನಿವೃತ್ತ ಮೆಕ್ಯಾನಿಕ್

ನಿಜ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ಎರಡು ತಂತಿಗಳಲ್ಲಿ ಮನೆಗೆ ಬರುತ್ತಿತ್ತು. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಜೋಡಿಸಿ ತಂತಿಯನ್ನು ಋಣದಲ್ಲಿಡುತ್ತಿದ್ದರು. ತೇವದ ನೆಲದಲ್ಲಿ ತಾಮ್ರ ಕರಗಿಹೋಗದಿರಲು ಆ ಉಪಾಯ. ಗಂಟೆ ಬಾರಿಸಲು ಮಾತ್ರ ಬೇರೆ ವಿದ್ಯುತ್, 75 ವೋಲ್ಟಿಗೂ ಮೇಲೆ. ತಂತಿ ಜೋಡಿಸುವಾಗ ಯಾರಾದರೂ ಆ ಮನೆಗೆ ಕರೆ ಮಾಡಿದರೆ ನಮ್ಮ ಮೊಣಕೈವರೆಗೂ ಗೊತ್ತಾಗುತ್ತಿತ್ತು.

ಗಣಿತದ ಮೇಷ್ಟ್ರು

ಸ್ವಿಚ್‌ಬೋರ್ಡಿನ ಬಗ್ಗೆ ನನ್ನದೂ ಒಂದು. ನೂರು ಚಂದಾದಾರರ ಬೋರ್ಡಿನಲ್ಲಿ ಸಂಪರ್ಕ ಕೊಡುವ ಪ್ಲಗ್ಗಿನ ವಯರುಗಳ ಜೋಡಿ ನೂರು ಇರುವುದಿಲ್ಲ, ಹತ್ತು ಹದಿನೈದು ಇರುತ್ತವೆ. ಎಷ್ಟು ಸಾಕು ಎಂದು ಲೆಕ್ಕ ಹಾಕಿದವರು ಆಗ್ನರ್ ಕ್ರಾರುಪ್ ಏರ್ಲಾಂಗ್, ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯ ಗಣಿತಜ್ಞ. 1909ರಲ್ಲಿ ಅವರ ಮೊದಲ ಲೇಖನ ಬಂತು. ಸಾಲಿನಲ್ಲಿ ಕಾಯುವುದರ ಗಣಿತವೆಲ್ಲ ಅಲ್ಲಿಂದ ಬೆಳೆಯಿತು. ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳು ಆಕಳಿಸುತ್ತಾರೆ. ಹತ್ತು ಜೋಡಿ ವಯರು ಕೈಗೆ ಕೊಟ್ಟು, ಇಪ್ಪತ್ತು ಮಕ್ಕಳಿಂದ ಒಟ್ಟಿಗೆ ಕರೆ ಮಾಡಿಸಿದರೆ ಹನ್ನೊಂದನೆಯ ಮಗುವಿಗೆ ತಾನಾಗಿ ಅರ್ಥವಾಗುತ್ತದೆ. ನನ್ನ ಮತ ಓಡಿಸುವುದಕ್ಕೆ.

ತಾಮ್ರದ ತಂತಿ

ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಗ್ಗೆ ಏನು ಬರೆದಿದ್ದರು? ಎಲ್ಲೆಡೆ ಫೋನನ್ನು ಬೆಲ್ ಒಬ್ಬನೇ ಕಂಡುಹಿಡಿದ ಎಂದು ಬರೆಯುತ್ತಾರೆ. ಇಟಲಿಯಿಂದ ಅಮೆರಿಕಕ್ಕೆ ಬಂದ ಸಂಶೋಧಕ ಮೆಯುಚ್ಚಿಗೆ ಆದ ಅನ್ಯಾಯವನ್ನು ಯಾರೂ ಹೇಳುವುದಿಲ್ಲ.

ಇತಿಹಾಸದ ಓದುಗ

ಮೆಯುಚ್ಚಿ ಒಬ್ಬರನ್ನೇ ಹೇಳಿದರೂ ಅದೇ ತಪ್ಪು. ಜರ್ಮನಿಯ ಫಿಲಿಪ್ ರೈಸ್ 1861ರಲ್ಲೇ ಫ್ರಾಂಕ್‌ಫರ್ಟಿನಲ್ಲಿ ಯಂತ್ರ ತೋರಿಸಿದ್ದ. ಅದು ಸ್ವರವನ್ನು ಚೆನ್ನಾಗಿ ಸಾಗಿಸುತ್ತಿತ್ತು, ಮಾತನ್ನು ಅಷ್ಟಕ್ಕಷ್ಟೆ. ಮೆಯುಚ್ಚಿ 1871ರಲ್ಲಿ ಪೇಟೆಂಟ್ ಕಚೇರಿಗೆ ಮುನ್ಸೂಚನೆ, ಅಂದರೆ ಪೂರ್ಣ ಅರ್ಜಿ ಮುಂದೆ ಬರಲಿದೆ ಎಂಬ ಪತ್ರ, ಸಲ್ಲಿಸಿದ, ಆಮೇಲೆ ನವೀಕರಿಸಲಾಗಲಿಲ್ಲ. 1876ರ ಫೆಬ್ರವರಿ 14ರಂದು ಬೆಲ್‌ನ ಅರ್ಜಿ, ಎಲಿಷಾ ಗ್ರೇಯ ಮುನ್ಸೂಚನೆ ಎರಡೂ ಒಂದೇ ದಿನ ಬಂದವು. ಮಾರ್ಚ್ 7ರಂದು ಬೆಲ್‌ಗೆ ಪೇಟೆಂಟ್ ಸಿಕ್ಕಿತು. ಮೂರು ದಿನದ ನಂತರ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ ತಂತಿಯ ಮೂಲಕ ಬೆಲ್‌ನ ಕರೆ ಕೇಳಿಸಿಕೊಂಡ. 2002ರಲ್ಲಿ ಅಮೆರಿಕದ ಜನಪ್ರತಿನಿಧಿಗಳ ಸಭೆ ಮೆಯುಚ್ಚಿಯನ್ನು ಗೌರವಿಸಿ ನಿರ್ಣಯ ಮಾಡಿತು. ಗೋಡೆಯ ಮೇಲೆ ನಾಲ್ಕೂ ಹೆಸರಿಗೆ ಜಾಗ ಕೊಡಬೇಕು.

ತಾಮ್ರದ ತಂತಿ

ನಿರ್ಣಯವೇ ಆಗಿದೆ ಎಂದ ಮೇಲೆ ಮೆಯುಚ್ಚಿಯ ಹೆಸರು ಮೊದಲು ಬರಬೇಕು.

ಇತಿಹಾಸದ ಓದುಗ

ನಿರ್ಣಯದಿಂದ ಇತಿಹಾಸ ತಿದ್ದಲಾಗುವುದಿಲ್ಲ. ಆದರೂ ಬೆಲ್‌ನ ಬಗ್ಗೆ ಒಂದು ನನ್ನ ಮನಸ್ಸಿನಲ್ಲಿ ಉಳಿದಿದೆ. 1922ರ ಆಗಸ್ಟ್ 4ರಂದು ಅವನ ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಫೋನುಗಳೆಲ್ಲ ಒಂದು ನಿಮಿಷ ಮೌನವಾಗಿದ್ದವು.

ಟ್ರಂಕ್ ಆಪರೇಟರ್

ಆ ಒಂದು ನಿಮಿಷ ಬೋರ್ಡಿನ ಮುಂದೆ ಕುಳಿತಿದ್ದವರನ್ನು ನೆನೆಯುತ್ತೇನೆ. ನಮಗೆ ಮೌನ ಅಭ್ಯಾಸವಿಲ್ಲ.

ಕುತೂಹಲಿ

ಬೆಲ್ ಮತ್ತು ಮೆಯುಚ್ಚಿಯ ಜಗಳವನ್ನು ಇನ್ನೊಂದು ದಿನ ಮುಂದುವರಿಸೋಣ. ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ. ಓಡಿಸಬೇಕೇ, ಬೇಡವೇ?

ಶಬ್ದವೇಧಿ

ಎರಡೂ ಸರಿ ಎನ್ನುತ್ತೇನೆ.

ತಾಮ್ರದ ತಂತಿ

ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ ಸ್ವಾಮಿ. ಒಂದು ಕಡೆ ನಿಲ್ಲಿ.

ಇತಿಹಾಸದ ಓದುಗ

ಅಮೆರಿಕದ ಸಿಯಾಟಲ್‌ನಲ್ಲಿ ಕನೆಕ್ಷನ್ಸ್ ಮ್ಯೂಸಿಯಂ ಎಂಬ ಸಂಗ್ರಹಾಲಯವಿದೆ. ಪ್ಯಾನೆಲ್ ಸ್ವಿಚ್ ಎಂಬ ಹಳೆಯ ಸ್ವಯಂಚಾಲಿತ ಎಕ್ಸ್‌ಚೇಂಜ್ ಅಲ್ಲಿ ಇಂದಿಗೂ ಓಡುತ್ತದೆ. ಕೋಣೆಯೆತ್ತರದ ಚೌಕಟ್ಟಿನಲ್ಲಿ ಕಂಬಿಗಳು ಮೋಟಾರಿನ ಬಲದಿಂದ ಮೇಲೆ ಕೆಳಗೆ ಜಾರುತ್ತಿರುತ್ತವೆ. ಅದರ ನಂತರ ಬಂದ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳೂ ಇವೆ. ನಡೆಸುವವರು ಸ್ವಯಂಸೇವಕರು. ಕೆಟ್ಟದ್ದನ್ನು ಅವರೇ ಬಿಚ್ಚಿ ಸರಿಮಾಡುತ್ತಾರೆ, ಸರಿಮಾಡುತ್ತಲೇ ಹೊಸಬರಿಗೆ ಕಲಿಸುತ್ತಾರೆ. ಗಾಜಿನ ಪೆಟ್ಟಿಗೆಯವರು ನೂರು ವರ್ಷ ಆಚೆಗಿನ ಮಗುವಿನ ಮಾತೆತ್ತಿದರು. ಆ ಮಗುವಿಗೆ ಯಂತ್ರ ಸಿಕ್ಕಿ, ಓಡಿಸುವುದು ತಿಳಿದವರು ಒಬ್ಬರೂ ಸಿಗದಿದ್ದರೆ ಅದು ಏನನ್ನು ನೋಡಬೇಕು?

ಗಾಜಿನ ಪೆಟ್ಟಿಗೆ

ಈ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ. ಉತ್ತರ ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದೇನೆ.

ಒಂದೇ ಒಂದು ಪ್ರತಿ ಉಳಿದಿರುವ ವಸ್ತುವನ್ನು ಮುಟ್ಟಲು ಈಗಲೂ ಬಿಡುವುದಿಲ್ಲ. ಮ್ಯಾಗ್ನೆಟೊ ಪೆಟ್ಟಿಗೆ, ಬಟ್ಟೆ ವಯರಿನ ಫೋನು ಗಾಜಿನೊಳಗೇ ಇರಲಿ. ಬೇಕಲೈಟ್ ಮತ್ತು ಪ್ಲಾಸ್ಟಿಕ್ ಡಯಲ್ ಫೋನುಗಳ ಮಾತು ಬೇರೆ. ಅವು ಲಕ್ಷಗಟ್ಟಲೆ ತಯಾರಾಗಿವೆ, ಅಟ್ಟಗಳಲ್ಲಿ ಇನ್ನೂ ಸಿಗುತ್ತವೆ. ಅವುಗಳಲ್ಲಿ ನಾಲ್ಕನ್ನು ಮೇಜಿನ ಮೇಲಿಡಬಹುದು. ಸ್ಟ್ರೋಜರ್ ರ್‍ಯಾಕನ್ನು ತಿಳಿದವರು ಪಕ್ಕದಲ್ಲಿದ್ದಾಗ ನಿಗದಿತ ಹೊತ್ತಿನಲ್ಲಿ ಓಡಿಸಬಹುದು. ಪ್ರತಿ ಬಾರಿ ಏನು ಓಡಿತು, ಏನು ಸವೆಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ರಿಪೇರಿ ಮಾಡುವಾಗ ಒಬ್ಬ ಕಿರಿಯರು ಕಡ್ಡಾಯವಾಗಿ ಜೊತೆಗಿರಬೇಕು. ಈ ಕೊನೆಯದು ಮೊದಲು ನನ್ನ ಪಟ್ಟಿಯಲ್ಲಿರಲಿಲ್ಲ.

ನಿವೃತ್ತ ಮೆಕ್ಯಾನಿಕ್

ಪುಸ್ತಕ ಬರೆಯುವುದು ನಮ್ಮ ಪದ್ಧತಿಯೂ ಆಗಿತ್ತು ಮೇಡಂ. ದೋಷದ ಪುಸ್ತಕ ಎನ್ನುತ್ತಿದ್ದೆವು. ನೀವು ಹೇಳಿದ ಷರತ್ತುಗಳು ನನಗೆ ಒಪ್ಪಿಗೆ. ಒಂದನ್ನು ಸೇರಿಸಿ: ಓಡಿಸುವ ಮೊದಲು ಒಣ ಕುಂಚದಿಂದ ಬ್ಯಾಂಕನ್ನು ಒರೆಸಬೇಕು. ಧೂಳಿದ್ದರೆ ವೈಪರ್ ಬಾಗುತ್ತದೆ. ಅಲ್ಲಿ ಬಾಗಿದ್ದೂ ಬಹುಶಃ ಹಾಗೆಯೇ.

ತಾಮ್ರದ ತಂತಿ

ನನ್ನ ಅಟ್ಟದಲ್ಲಿ ಎರಡು ಡಯಲ್ ಫೋನುಗಳಿವೆ, ಒಂದರ ಗಂಟೆ ಕೆಟ್ಟಿದೆ. ಬೇಕಾದವರು ತಿಳಿಸಿ, ಕಳಿಸುತ್ತೇನೆ.

ಕುತೂಹಲಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಗಾಜಿನ ಪೆಟ್ಟಿಗೆಯವರ ಷರತ್ತುಗಳನ್ನು ಒಂದು ಹಾಳೆಗೆ ಇಳಿಸಿ, ಮೆಕ್ಯಾನಿಕ್ ಅವರ ಕುಂಚದ ಮಾತನ್ನೂ ಸೇರಿಸಿ ಆ ಸಂಗ್ರಹಾಲಯಕ್ಕೆ ಕೊಟ್ಟು ಬಂದಿದ್ದೆ. ಉಸ್ತುವಾರಿಯವರು ಅಂದು ಏನೂ ಹೇಳಲಿಲ್ಲ. ಈ ಭಾನುವಾರ ಹೋದಾಗ ಎರಡನೆಯ ಕೋಣೆಯಲ್ಲಿ ಒಂದು ಮೇಜು ಬಂದಿತ್ತು, ಅದರ ಮೇಲೆ ಮೂರು ಫೋನುಗಳು. ಅವುಗಳಲ್ಲಿ ಎರಡು ತಾಮ್ರದ ತಂತಿಯವರು ಕಳಿಸಿದವು. ಕೆಟ್ಟಿದ್ದ ಗಂಟೆಯನ್ನು ಹಿರಿಯರೇ ಸರಿಮಾಡಿದ್ದಾರೆ. ಅವರ ಪಕ್ಕದಲ್ಲಿ ಒಬ್ಬ ಹುಡುಗಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದಳು. ರ್‍ಯಾಕನ್ನು ಗಂಟೆಗೊಮ್ಮೆ, ಹತ್ತು ನಿಮಿಷ ಓಡಿಸುತ್ತಾರೆ. ಸ್ವಿಚ್‌ಬೋರ್ಡ್ ಇನ್ನೂ ಗಾಜಿನ ಹಿಂದೆಯೇ ಇದೆ, ಆದರೆ ಮುಂದೆ ಒಂದು ಕುರ್ಚಿ ಇಟ್ಟಿದ್ದಾರೆ.

ಉಸ್ತುವಾರಿಯವರೇ ಮಗಳನ್ನು ಗುರುತಿಸಿ ಕರೆದರು. ಅವಳು ಸೊನ್ನೆ ಇರುವ ಸಂಖ್ಯೆಯೇ ಬೇಕೆಂದು ಹಟ ಹಿಡಿದಳು, ಕಂಬಿ ಹತ್ತು ಮೆಟ್ಟಿಲು ಏರುವುದನ್ನು ನೋಡಬೇಕಂತೆ. ಏರಿತು. ನಾನು ಇನ್ನೊಂದು ತುದಿಯಲ್ಲಿ ಫೋನು ಎತ್ತಿಕೊಂಡೆ. ಎಂಟು ಅಡಿ ದೂರದಲ್ಲಿ ನಿಂತು ಇಬ್ಬರೂ ಬಹಳ ಹೊತ್ತು ಮಾತಾಡಿದೆವು.

ಟ್ರಂಕ್ ಆಪರೇಟರ್

ಕುರ್ಚಿ ಇಟ್ಟರೇ! ಆ ಊರಿನ ವಿಳಾಸ ನನಗೆ ಬೇರೆಯಾಗಿ ಬರೆದು ಕಳಿಸಿ. ಹೆಡ್‌ಸೆಟ್ ನನ್ನ ಬಳಿ ಇದೆ.

ನಿವೃತ್ತ ಮೆಕ್ಯಾನಿಕ್

ಬಹಳ ಸಂತೋಷ. ಮಾತು ಮುಗಿದ ಮೇಲೆ ಮಗು ರಿಸೀವರನ್ನು ಸರಿಯಾಗಿ ಇಟ್ಟಳೇ?

ಕುತೂಹಲಿ

ಇಟ್ಟಳು. ಸೆಲೆಕ್ಟರ್ ಬಿದ್ದ ಸದ್ದು ಕೇಳುವವರೆಗೂ ಅದರ ಮೇಲಿಂದ ಕೈ ತೆಗೆಯಲಿಲ್ಲ.